ಮಲ್ಲಿಗಮ್ಮನವರು ಹೇಳಿದ ಪಥ್ಯ

ನನ್ನ ಬೆರಳುಗಳು ಇವತ್ತಿಗೂ ನೆಟ್ಟಗಿವೆ ಅಂದರೆ ಅದು ಹಾಸನದ ಆಸ್ಪತ್ರೆಯ ನರ್ಸು ಮಲ್ಲಿಗಮ್ಮನವರ ಪುಣ್ಯ. ಡಾಕ್ಟರ ಪುಣ್ಯ ಅಲ್ಲವಾ ಅಂತ ನನ್ನ ಮಗ ಕೇಳುತ್ತಾನೆ. ಅವರದೂ ಹೌದಪ್ಪ, ನಾನೇನು ಇಲ್ಲ ಅಂದೆನಾ? ಆದರೆ ಅವರು ಹೇಳಿದ್ದು ನಮ್ಮ ಮನೆಯಲ್ಲಿ ನಡೆಯುವ ಹಾಗೆ ಮಾಡಿದವರು ಮಲ್ಲಿಗಮ್ಮ.

ನಾನು ನೀಲಾಂಬಿಕೆ, ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದವಳು. ನಮ್ಮ ಯಜಮಾನರು ನಂಜಯ್ಯನವರದು ಪೇಟೆಯಲ್ಲಿ ದಿನಸಿ ಅಂಗಡಿ. ಅರವತ್ತನೇ ಇಸವಿಯ ಆಸುಪಾಸು, ಎರಡನೇ ಬಾಣಂತನ ಮುಗಿಯುತ್ತಲೇ ನನ್ನ ಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಚೊಂಬು ಹಿಡಿಯಲಾಗದು, ಮಗುವಿನ ಅಂಗಿಯ ಗುಂಡಿ ಹಾಕಲಾಗದು. ಬಿಸಿಲೇರಿದ ಮೇಲೆ ಕೈ ಒಂಚೂರು ಸಡಿಲವಾಗುತ್ತಿತ್ತು. ನಮ್ಮ ಅತ್ತೆ ಶಿವಗಂಗಮ್ಮನವರಿಗೆ ಅಷ್ಟು ಸಾಕಾಯಿತು. “ಅದೇನು ನೋವೋ ಕಾಣೆ, ರಾಗಿ ಬೀಸೋ ಒತ್ಗೆ ಸರ್ಯಾಗಿ ಬತ್ತದೆ” ಅನ್ನುವರು. ಕೆಟ್ಟವರಲ್ಲ, ಬಾಯಿ ಮಾತ್ರ ಖಾರ. ಬೀಸುವುದು, ಬಾವಿ ಸೇದುವುದು ಸೊಸೆಯ ಕೆಲಸ ಅನ್ನುವುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ.

ಎಣ್ಣೆ, ಕಷಾಯ, ಲೇಪ ಎಲ್ಲಾ ಆದಮೇಲೆ ಯಜಮಾನರು ನನ್ನನ್ನೂ ಅತ್ತೆಯನ್ನೂ ಹಾಸನದ ಬಸ್ಸು ಹತ್ತಿಸಿದರು. ಡಾಕ್ಟರು ನನ್ನ ಕೈ ಮಡಿಸಿ ಬಿಡಿಸಿ ನೋಡಿ, ಇದು ಕೀಲುವಾತ, ಮಾತ್ರೆ ಬಹಳ ಕಾಲ ನುಂಗಬೇಕು, ಕೈಗೆ ವಿಶ್ರಾಂತಿ ಕೊಡಬೇಕು ಅಂದರು. ಹೀಗೇ ಬಿಟ್ಟರೆ ಬೆರಳು ಸೊಟ್ಟಗಾಗುತ್ತೆ, ಆಮೇಲೆ ನೆಟ್ಟಗಾಗಲ್ಲ ಅಂತಲೂ ಅಂದರು. ಅತ್ತೆ ಕೇಳಿದ್ದು ಒಂದೇ ಮಾತು.

“ಪಥ್ಯ ಏನು ಸಾ?”

“ಪಥ್ಯ ಏನೂ ಇಲ್ಲಮ್ಮ. ಎಲ್ಲಾ ತಿನ್ನಲಿ.”

ಅಲ್ಲಿಗೆ ಮುಗಿಯಿತು. ಪಥ್ಯ ಇಲ್ಲದ ಮದ್ದನ್ನು ನಮ್ಮ ಅತ್ತೆ ಜನ್ಮದಲ್ಲಿ ಕಂಡಿರಲಿಲ್ಲ. ಹೊರಗೆ ಜಗಲಿಗೆ ಬರುತ್ತಲೇ, “ಪಥ್ಯ ಇಲ್ದೋದ್ಮೇಲೆ ಅದ್ಯಾವ ಸೀಮೆ ಔಸ್ದಿ? ನಡಿಯವ್ವ, ಬಸ್ಸಿಗೆ ಒತ್ತಾಯ್ತದೆ” ಅಂದರು. ವಿಶ್ರಾಂತಿ ಅನ್ನುವ ಮಾತಂತೂ ಅವರ ಕಿವಿಗೇ ಬಿದ್ದಿರಲಿಲ್ಲ. ನಾನು ಬಾಯಿ ಬಿಡುವ ಹಾಗಿರಲಿಲ್ಲ, ಕಣ್ಣಲ್ಲಿ ನೀರು ಬಂತು.

ಬಾಗಿಲ ಪಕ್ಕದ ಮೇಜಿನ ಹತ್ತಿರ ಮಾತ್ರೆ ಪೊಟ್ಟಣ ಕಟ್ಟುತ್ತಿದ್ದ ನರ್ಸಮ್ಮ ತಲೆ ಎತ್ತಿದರು. ಅವರೇ ಮಲ್ಲಿಗಮ್ಮ. ಗಿಡ್ಡ ಆಳು, ದೊಡ್ಡ ಗಂಟಲು. “ಅಮ್ಮಾ, ಎಲ್ಲೋಗ್ತೀರಿ? ಪಥ್ಯ ಕೇಳದೆ ಓದ್ರೆ ಎಂಗೆ? ಡಾಕ್ಟ್ರು ಮದ್ದು ಏಳ್ತಾರೆ, ಪಥ್ಯ ಏಳೋಳು ನಾನು.”

ಅತ್ತೆ ನಿಂತರು.

“ಬರೀ ಒಟ್ಟೇಲಿ ಮಾತ್ರೆ ನುಂಗ್ಬಾರ್ದು. ಒತ್ತಾರೆ ತಣ್ಣೀರು ಮುಟ್ಬಾರ್ದು, ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿ ಮೆತ್ತಗೆ ಮಡಿಸಿ ಬಿಡಿಸ್ಬೇಕು. ಈ ಮದ್ದು ಮೈಯಲ್ಲಿರೋಗಂಟ ಬೀಸೋ ಕಲ್ಲು, ಬಾವಿ ಅಗ್ಗ ಎರಡೂ ಅಪಥ್ಯ.”

“ಮೀರಿದ್ರೆ?”

“ಮೀರಿದ್ರೆ ಬೆರಳು ಸೊಟ್ಟಗಾಯ್ತವೆ. ಆಮೇಲೆ ನನ್ನ ಬೈಬೇಡಿ.”

ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ? ವಿಶ್ರಾಂತಿಗೆ ಪಥ್ಯ ಅಂತ ಹೆಸರಿಟ್ಟರು, ಅಷ್ಟೆ. ಒಳಗಿದ್ದ ಡಾಕ್ಟರಿಗೂ ಕೇಳಿಸಿ ನಕ್ಕರಂತೆ. ಮುಂದೆ ಕೀಲುನೋವಿನವರು ಯಾರೇ ಬರಲಿ, ಅರಕಲಗೂಡಿನವರೋ ಚನ್ನರಾಯಪಟ್ಟಣದವರೋ, “ಮಲ್ಲಿಗಮ್ಮನ ಹತ್ರ ಪಥ್ಯ ಕೇಳ್ಕೊಂಡು ಹೋಗಿ” ಅಂತ ಅವರೇ ಕಳಿಸುತ್ತಿದ್ದರು.

ನಮ್ಮ ಮನೆಯಲ್ಲಿ ಆ ಪಥ್ಯ ಶಾಸನವಾಯಿತು. ನಾನು ಮರೆತು ಬಿಂದಿಗೆಗೆ ಕೈ ಹಾಕಿದರೂ ಅತ್ತೆ ಗದರುವರು, “ಅಪಥ್ಯ ಕಣೇ, ಇಡು ಕೆಳಕ್ಕೆ!” ಬೀಸುವ ಕೆಲಸ ಅವರೇ ಹಿಡಿದರು. ನನ್ನ ಊತ ಇಳಿಯುತ್ತಾ ಬಂತು.

ಮಾತ್ರೆಗೆ ಅಂತ ಹೋದಾಗಲೆಲ್ಲ ಮಲ್ಲಿಗಮ್ಮನವರ ಹತ್ತಿರ ಕೂರುತ್ತಿದ್ದೆ. ದುದ್ದದ ಕಡೆಯವರು. ಅಪ್ಪ ಬೋರಪ್ಪ ಕಂಡವರ ಹೊಲದಲ್ಲಿ ದುಡಿದು ಓದಿಸಿದ್ದರು. ನರ್ಸು ಕೆಲಸ ಕಲಿತದ್ದು ಮೈಸೂರಿನಲ್ಲಿ. “ನಮ್ಮವ್ವ ನನ್ನ ಎತ್ತ ವಾರಕ್ಕೇ ಕೂಲಿಗೆ ಓದೋಳು. ಪಥ್ಯ ಅಂದ್ರೆ ಮನೇಲಿ ಕೂರ್ಸಿ ನೋಡ್ಕಳೋರು ಇರ್ಬೇಕಲ್ವಾ ನೀಲಮ್ಮಾ” ಅಂದರು ಒಮ್ಮೆ. ನನ್ನ ಕೈ ನೋಡದೆ, ಹೊಟ್ಟೆ ಉರಿಯುತ್ತಾ ಅಂತ ಕೇಳದೆ ಮಾತ್ರೆ ಕೊಟ್ಟವರಲ್ಲ. ಬೈದೂ ಬೈದು ಬೆರಳು ಮಡಿಸಿ ಬಿಡಿಸುವ ಹಾಗೆ ಮಾಡುತ್ತಿದ್ದರು. ಆ ತಾಯಿಗೆ ನಾನು ಎಷ್ಟು ಕೈ ಮುಗಿದರೂ ಸಾಲದು.

ಮುಂದಿನ ಚಳಿಗಾಲ ಅತ್ತೆ ತಾನೂ ಬರುತ್ತೇನೆ ಅಂತ ಹೊರಟರು. ಪಥ್ಯ ಸಾಕು ಅಂತ ಹೇಳಿಸಲಿಕ್ಕೇ ಬಂದಿದ್ದಾರೆ, ನಾಳೆಯಿಂದ ಮತ್ತೆ ಬೀಸೋ ಕಲ್ಲು, ಮತ್ತೆ ಊತ ಅಂತಲೇ ನಾನು ತಿಳಿದೆ. ಮಲ್ಲಿಗಮ್ಮನವರೂ ಹಾಗೇ ತಿಳಿದಿರಬೇಕು, ಜಗಳಕ್ಕೆ ತಯಾರಾಗಿ ಸೊಂಟಕ್ಕೆ ಕೈಯಿಟ್ಟು ನಿಂತರು.

ಅತ್ತೆ ಸೆರಗಿನೊಳಗಿಂದ ಎರಡೂ ಕೈ ತೆಗೆದು ಮೇಜಿನ ಮೇಲಿಟ್ಟರು. ಬೆರಳೆಲ್ಲ ಒಂದು ಮಗ್ಗುಲಿಗೆ ವಾಲಿದ್ದವು. ಒಂದೇ ಮನೆಯಲ್ಲಿದ್ದು, ಆ ಕೈ ಬಡಿಸಿದ್ದನ್ನೇ ಉಣ್ಣುತ್ತಿದ್ದ ನಾನು ಆವತ್ತು ಮೊದಲ ಸಲ ಅದನ್ನು ಕಣ್ಣಿಟ್ಟು ನೋಡಿದೆ.

“ನಮ್ಮತ್ತೆ ಕಾಲ್ದಲ್ಲಿ ನಂಗ್ಯಾರೂ ಏಳ್ನಿಲ್ಲ ಕಣವ್ವ” ಅಂದರು ಅತ್ತೆ. “ನಂಗೂ ಒಂದು ಪಥ್ಯ ಏಳು.”