ಹನ್ನೊಂದನೇ ಸುತ್ತಿನ ನಿವೃತ್ತಿ

ವಾರದ ಸಾಮಾನು ತರಲೆಂದು ಸಿಂಗಪುರದ ವುಡ್‌ಲ್ಯಾಂಡ್ಸ್‌ನಲ್ಲಿ, ಗಡಿಯಾಚೆ ಮಲೇಷ್ಯಾದ ಜೋಹೋರ್ ಬಾರುವಿಗೆ ಹೋಗುವ ಬಸ್ಸಿನ ಸಾಲಿನಲ್ಲಿ ನಿಂತಿದ್ದೆ. ಬಸ್ಸು ಬಂದು ನಿಂತಿತು, ಅದರ ಹಿಂದೆಯೇ ಕಾದ ಬ್ರೇಕಿನ ವಾಸನೆಯೂ ಬಂತು. ಘಾಟಿ ಇಳಿದ ಬಸ್ಸಿನ ಚಕ್ರದ ಪಕ್ಕ ನಿಂತವರಿಗೆಲ್ಲ ಪರಿಚಿತವಾದ ವಾಸನೆ. ನನಗೆ ಮಾತ್ರ ಅದು ಒಬ್ಬ ಮನುಷ್ಯನ ಅಂಗಿಯ ವಾಸನೆ. ಅವನ ಹೆಂಡತಿ ಕಳಿಸಿದ್ದ ಮೆಸೇಜು ನಿನ್ನೆಯಿಂದ ನನ್ನ ಫೋನಿನಲ್ಲಿ ಉತ್ತರವಿಲ್ಲದೆ ಕೂತಿತ್ತು: ‘ಸರ್, ಜೋಹೋರ್ ಟೀಮ್‌ನವ್ರು ಇವ್ರನ್ನ ಮತ್ತೆ ಕರ್ದಿದಾರೆ. ಭಾನುವಾರದೊಳಗೆ ಸ್ಪಾನ್ಸರ್ ಸೈನ್ ಬೇಕಂತೆ. ಇವ್ರು ಯಾರನ್ನೂ ಕೇಳಲ್ಲ. ನೀವೇ ನಾಗರಾಜ್ ಅಂಕಲ್‌ಗೆ ಒಂದು ಮಾತು ಹೇಳ್ತೀರಾ?’

ಅವನು ಬಸವರಾಜ. ಗದಗಿನವನು, ಸ್ಟಾಕ್ ಕಾರ್ ರೇಸಿನ ಡ್ರೈವರ್. ಶೋರೂಮಿನಲ್ಲಿ ಸಿಗುವ ಮಾಮೂಲಿ ಕಾರಿನ ಆಕಾರವನ್ನು ಹಾಗೇ ಉಳಿಸಿ, ಒಳಗಿನ ಸೀಟು ಗೀಟುಗಳನ್ನೆಲ್ಲ ಕಿತ್ತುಹಾಕಿ ಓಡಿಸುವ ರೇಸು ಅದು. ಇದನ್ನು ನಮ್ಮ ಕನ್ನಡ ಸಂಘದವರಿಗೆ ವಿವರಿಸಿ ನನಗೆ ಸಾಕಾಗಿ ಹೋಗಿದೆ. ಯುಗಾದಿ ಊಟದ ಸಾಲಿನಲ್ಲಿ ಐಟಿ ಹುಡುಗರು ಅವನನ್ನು ಹಿಡಿದು, ‘ಸ್ಟಾಕ್ ಅಂತೆ, ಸದ್ಯಕ್ಕೆ ಯಾವ್ದು ಬೈ ಮಾಡ್ಬಹುದು ಅಂಕಲ್?’ ಎಂದು ಕೇಳಿದ್ದುಂಟು. ಬಸವರಾಜ ಬಹಳ ಯೋಚಿಸಿ, ‘ಟಯರ್ ಚಲೋ ನೋಡಿ ತಗೋರಿ’ ಎಂದಿದ್ದ. ಅವರು ಟಯರ್ ಕಂಪನಿಯ ಷೇರು ಕೊಂಡರೋ ಏನೋ, ನಾನು ವಿಚಾರಿಸಲಿಲ್ಲ.

ಕಾರು ಓಡಿಸುವುದೇ ಕಸುಬಾದ ಈ ಮನುಷ್ಯನಿಗೆ ಸಿಂಗಪುರದಲ್ಲಿ ಸ್ವಂತದ ಕಾರಿರಲಿಲ್ಲ. ಕಾರಿಗಿಂತ ಅದರ ಪರ್ಮಿಟ್ಟೇ ದುಬಾರಿಯಾದ ಇಲ್ಲಿ ಯಾರಿಗೆ ತಾನೇ ಇದೆ. ಶುಕ್ರವಾರ ಸಂಜೆ ಹೆಲ್ಮೆಟ್ಟಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇದೇ ಬಸ್ಸು ಹತ್ತುತ್ತಿದ್ದ. ಗಡಿಯಾಚೆ ಎರಡು ದಿನ ರೇಸು ಓಡಿಸಿ, ಭಾನುವಾರ ಮತ್ತೆ ನಿಂತುಕೊಂಡೇ ವಾಪಸ್ ಬರುತ್ತಿದ್ದ.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನೈದು ವರ್ಷ ಕೂತವನು. ಹೆಂಡತಿಗೆ ಇಲ್ಲಿಯ ಯಿಶುನ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಜೊತೆಗೆ ಬಂದೆ. ಸಂಘದವರು ವಾರ್ಷಿಕ ಸಂಚಿಕೆಯನ್ನು ನನ್ನ ತಲೆಗೆ ಕಟ್ಟಿದರು. ಎರಡು ವರ್ಷದ ಹಿಂದಿನ ಸಂಚಿಕೆಗೆ ಬಸವರಾಜನ ಮೇಲೆ ಲೇಖನ ಬರೆಯೋಣವೆಂದು ಅವನ ಮನೆಗೆ ಹೋದೆ. ಇಂಥ ಸಂದರ್ಶನವನ್ನು ನನ್ನ ಶತ್ರುವೂ ಮಾಡಬಾರದು.

‘ರೇಸು ಹೇಗಿತ್ತು?’

‘ಓಡಿಸಿದ್ವಿರಿ.’

‘ಭಯ ಆಗಲ್ವಾ?’

‘ಕಾರ್ ಚಲೋ ಇತ್ರಿ.’

‘ಈ ಕ್ಷೇತ್ರಕ್ಕೆ ಹೇಗೆ ಬಂದಿರಿ?’

‘ಬಸ್ಸಿನ್ಯಾಗ.’

ಒಂದು ಗಂಟೆಗೆ ಅರ್ಧ ಪುಟವೂ ತುಂಬಲಿಲ್ಲ. ಬೇಸತ್ತು ಅವನ ಫಲಿತಾಂಶದ ಹಾಳೆಗಳನ್ನು ಇಸಿದುಕೊಂಡು ಬಂದೆ. ಕಾಗದವಾದರೂ ಮಾತಾಡುತ್ತದೆ ಎಂಬುದು ಡೆಸ್ಕಿನವರ ನಂಬಿಕೆ. ಕೊನೆಯ ರೇಸಿನ ಹಾಳೆಯಲ್ಲಿ ಅವನ ಹೆಸರಿನ ಮುಂದೆ ‘ರಿಟೈರ್ಡ್, ಲ್ಯಾಪ್ 11’ ಎಂದಿತ್ತು. ನಾನು ಬರೆದೆ: ‘ಹನ್ನೊಂದನೇ ಸುತ್ತಿನಲ್ಲಿ ಬಸವರಾಜ ನಿವೃತ್ತರಾದರು.’ ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಹೆಸರು ಹೊಳೆಯುತ್ತಿರುವಾಗಲೇ ಸ್ಟೀರಿಂಗ್ ಬಿಟ್ಟುಕೊಡುವ ದೊಡ್ಡತನದ ಬಗ್ಗೆ ಒಂದು ಪ್ಯಾರಾ ಸೇರಿಸಿದೆ. ಕಿರಿಯರ ವರದಿಗಳಲ್ಲಿ ಅಂಥ ಪ್ಯಾರಾ ಕಂಡರೆ ಒಂದು ಕಾಲಕ್ಕೆ ನಾನೇ ಅಡ್ಡಗೆರೆ ಎಳೆಯುತ್ತಿದ್ದೆ.

ರೇಸಿನವರ ಭಾಷೆಯಲ್ಲಿ ‘ರಿಟೈರ್’ ಎಂದರೆ ಅವತ್ತಿನ ಮಟ್ಟಿಗೆ ಕಾರು ಕೆಟ್ಟು ನಿಂತಿತು, ಅಷ್ಟೆ. ಮುಂದಿನ ತಿಂಗಳು ಅದೇ ಮನುಷ್ಯ ಮತ್ತೆ ಓಡಿಸುತ್ತಾನೆ. ಇದು ನನಗೆ ಆಗ ಗೊತ್ತಿರಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ಲೇಖನವನ್ನು ಬಸವರಾಜನಿಗೆ ತೋರಿಸಿದ್ದೆ. ಅವನು ನಿಧಾನವಾಗಿ ಓದಿ ತಲೆ ಆಡಿಸಿದ. ಆ ಪ್ಯಾರಾ ಹೇಗಿದೆ ಎಂದರೆ, ‘ಹೊಗಳಿದ್ದ ಸ್ವಲ್ಪ ಹೆಚ್ಚಾತ್ರಿ’ ಎಂದ. ಕೆಟ್ಟ ಕಾರನ್ನು ಹಟ ಮಾಡದೆ ಬದಿಗೆ ನಿಲ್ಲಿಸಿದ್ದಕ್ಕೆ ಆ ಹೊಗಳಿಕೆ ಎಂದುಕೊಂಡಿದ್ದ. ಉಳಿದದ್ದು ಅವನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಹನ್ನೊಂದನೇ ಸುತ್ತಿನಲ್ಲಿ ಅವನು ನಿವೃತ್ತನಾದದ್ದು ನಿಜವೇ. ರಿಟೈರ್ ಎಂಬುದಕ್ಕೆ ಕನ್ನಡದಲ್ಲೂ ಪದ ಇದೆಯಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡನಂತೆ.

ಸಂಚಿಕೆ ಹೊರಬಂತು. ಸಂಘದವರು ಶಾಲು, ಪೇಟ, ಹಣ್ಣಿನ ಬುಟ್ಟಿ ತಂದು ನಿವೃತ್ತಿ ಸನ್ಮಾನ ಇಟ್ಟುಕೊಂಡರು. ನಿರೂಪಣೆ ನನ್ನದೇ. ಪೇಟ ಹುಬ್ಬಿನ ತನಕ ಇಳಿದಿದ್ದ ಬಸವರಾಜ, ಇದೆಲ್ಲ ಲೇಖನ ಬಂದದ್ದಕ್ಕೆ ಎಂದುಕೊಂಡು ಕೂತಿದ್ದ. ಎರಡು ಮಾತಾಡಿ ಎಂದು ಮೈಕು ಕೊಟ್ಟೆವು.

‘ಮುಂದಿನ ತಿಂಗಳ ಮತ್ತ ರೇಸ್ ಐತ್ರಿ. ಎಲ್ಲಾರೂ ಬರ್ರಿ’ ಎಂದ.

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಯಾರೋ ಹಿಂದಿನಿಂದ, ‘ಸೂಪರ್ ಜೋಕ್ ಅಂಕಲ್’ ಎಂದರು. ನಗದೇ ಇದ್ದವರು ಮೂವರು: ಯಾಕೆ ನಗುತ್ತಿದ್ದಾರೆಂದು ತಿಳಿಯದ ಬಸವರಾಜ, ಅಷ್ಟರಲ್ಲಿ ಎಲ್ಲ ಹೊಳೆದುಹೋಗಿದ್ದ ನಾನು, ಮೊದಲ ಸಾಲಿನಲ್ಲಿದ್ದ ನಾಗರಾಜ್. ಬುಕಿತ್ ಬಾಟೋಕ್‌ನಲ್ಲಿ ದಿನಸಿ ಅಂಗಡಿ ನಡೆಸುವ ನಾಗರಾಜ್ ಬಸವರಾಜನ ಸ್ಪಾನ್ಸರ್. ಕಾರಿನ ಬಾಗಿಲ ಮೇಲೆ ಇದ್ದದ್ದು ಅವರ ಅಂಗಡಿಯ ಹೆಸರು. ‘ನನಗೊಂದು ಮಾತು ಹೇಳ್ದೆ ಬಿಟ್ನಲ್ಲ, ಪುಸ್ತಕದಲ್ಲಿ ಓದ್ಬೇಕಾಯ್ತು’ ಎಂದು ನೊಂದು, ಆ ವರ್ಷದ ಸ್ಪಾನ್ಸರ್‌ಶಿಪ್ಪನ್ನು ಅವರು ಆಗಲೇ ಸಂಘದ ಬ್ಯಾಡ್ಮಿಂಟನ್‌ಗೆ ಒಪ್ಪಿಸಿಬಿಟ್ಟಿದ್ದರು.

ಮೈಕು ನನ್ನ ಕೈಗೆ ವಾಪಸ್ ಬಂತು. ತಪ್ಪು ನನ್ನದು ಎನ್ನಲು ಅರ್ಧ ನಿಮಿಷ ಸಾಕಿತ್ತು. ನಾನು ವಂದನಾರ್ಪಣೆಗೆ ಕಾರ್ಯದರ್ಶಿಯನ್ನು ಕರೆದೆ.

ಮಾರನೆಯ ದಿನ ಸಂಘದ ವಾಟ್ಸಾಪ್ ಗುಂಪಿಗೆ ಎರಡು ಸಾಲಿನ ತಿದ್ದುಪಡಿ ಹಾಕಿದೆ. ಅದರ ಮೇಲೊಂದು ಹುಟ್ಟುಹಬ್ಬದ ಕೇಕು, ಕೆಳಗೊಂದು ದೇವರ ಫೋಟೊ. ಯಾರೂ ಓದಲಿಲ್ಲ. ತಿದ್ದುಪಡಿಯನ್ನು ಯಾರಿಗೂ ಕಾಣದ ಮೂಲೆಯಲ್ಲಿ ಹಾಕುವುದು ನಮ್ಮ ಕಸುಬಿನ ಹಳೆಯ ಚಾಳಿ. ಬಸವರಾಜನಿಗೆ ಎಲ್ಲವನ್ನೂ ವಿವರಿಸಿ, ಹೋಗಿ ನಾಗರಾಜರಿಗೆ ಹೇಳು ಮಾರಾಯ ಎಂದರೆ, ‘ಅವ್ರಿಗೆ ಮನಸ್ಸಿಲ್ಲಾಂದ್ರ ಬಿಡ್ರಿ’ ಎಂದ. ಸ್ಪಾನ್ಸರ್ ಇಲ್ಲದ ಡ್ರೈವರ್‌ನ ಸೀಟು ಬೇರೆಯವರಿಗೆ ಹೋಯಿತು. ಅವತ್ತಿನಿಂದ ಅವನು ವರ್ಕ್‌ಶಾಪೊಂದರಲ್ಲಿ ಬೇರೆಯವರ ಕಾರಿನ ಬ್ರೇಕು ಬದಲಾಯಿಸುತ್ತಿದ್ದಾನೆ. ಅಚ್ಚಾದ ಮೇಲೆ ನಿಜವಾದ ನನ್ನ ಏಕೈಕ ವರದಿ ಆ ‘ನಿವೃತ್ತಿ’.

ನಲವತ್ತು ದಾಟಿದ ಡ್ರೈವರ್‌ಗೆ ಇನ್ನೊಂದು ಕರೆ ಬರುವುದಿಲ್ಲ. ಈ ಸಲ ಬಂದಿದೆ. ಬಸ್ಸಿನ ಬಾಗಿಲು ತೆರೆಯಿತು. ಹಿಂದಿನವರು, ‘ಅಂಕಲ್, ಗೋಯಿಂಗ್ ಆರ್ ನಾಟ್?’ ಎಂದರು. ಸಾಲು ಬಿಟ್ಟು ಎಂಆರ್‌ಟಿ ರೈಲು ಹತ್ತಿ ಬುಕಿತ್ ಬಾಟೋಕ್‌ನಲ್ಲಿಳಿದೆ.

ನಾಗರಾಜ್ ಬೇಳೆ ಪ್ಯಾಕೆಟ್ಟುಗಳಿಗೆ ಬೆಲೆಯ ಚೀಟಿ ಅಂಟಿಸುತ್ತಿದ್ದರು. ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

‘ಅಂದ್ರೆ ಅವ್ನು ಬಿಟ್ಟೇ ಇರ್ಲಿಲ್ವಾ?’

‘ಇಲ್ಲ. ಬಿಡಿಸಿದ್ದು ನಾನು.’

‘ಅವತ್ತೇ ಮೈಕಲ್ಲಿ ಹೇಳ್ಬಹುದಿತ್ತಲ್ಲ ಸಾರ್.’

‘ಹೇಳಬಹುದಿತ್ತು.’

‘ಎರಡು ವರ್ಷ ನಾನು ಅವನ ಮುಖ ನೋಡಿಲ್ಲ ಕಣ್ರಿ. ಒಂದು ಪದಕ್ಕೆ.’

ಅವರು ಫೋನು ತೆಗೆದು, ನನಗೂ ಕೇಳಲೆಂದೇ ಸ್ಪೀಕರಿಗೆ ಹಾಕಿದರು.

‘ಬಸು, ನಾಗರಾಜ್. ಆ ಪೇಪರ್ ತಗೊಂಡು ಇವತ್ತೇ ಅಂಗಡಿಗೆ ಬಾ, ಸೈನ್ ಹಾಕ್ತೀನಿ. ನೀನು ರಿಟೈರ್ ಆಗೇ ಇರ್ಲಿಲ್ವಂತಲ್ಲ, ಎಡಿಟರ್ ಸಾರ್ ಇಲ್ಲೇ ನಿಂತು ಹೇಳ್ತಿದಾರೆ.’

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು.

‘ಸರ್ ಹೇಳಿದ್ರಂದ್ರ ಖರೇನ ಇರಬೇಕ್ರಿ’ ಎಂದ ಬಸವರಾಜ.