ಭಾಗ್ಯಮ್ಮ ಕಂಡ ಮೊದಲ ಗ್ರಹಣ

ಬಾಗಲಗುಂಟೆಯ ಭಾಗ್ಯಮ್ಮನ ವಠಾರದಲ್ಲಿ ಗ್ರಹಣ ಬಂತೆಂದರೆ ಬಾಡಿಗೆಗಿದ್ದವರಿಗೆಲ್ಲ ಅದು ಬಂದಂತೆಯೇ. ಹಿಂದಿನ ದಿನವೇ ಅವಳು ಒಂದೊಂದು ಬಾಗಿಲನ್ನೂ ತಟ್ಟಿ ಒಂದಿಷ್ಟು ದರ್ಭೆ ಕೊಟ್ಟು, ನೀರಿನ ಕೊಡಕ್ಕೂ ಉಪ್ಪಿನಕಾಯಿ ಜಾಡಿಗೂ ಹಾಕಿಡಿ ಎಂದು ಹೇಳಿ ಬರುತ್ತಿದ್ದಳು. ಪೀಣ್ಯದ ಫ್ಯಾಕ್ಟರಿಗಳಿಗೆ ರಾತ್ರಿ ಪಾಳಿಗೆ ಹೋಗುವ ಹುಡುಗರಿಗೂ ವಿನಾಯಿತಿ ಇರಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಹೋಗಬೇಕು, ಬಂದವರೇ ಮೀಯಬೇಕು. ಬೇರೆ ದಿನ ನಲ್ಲಿಯ ಮುಂದೆ ನಿಂತು ಬೈಯುತ್ತಿದ್ದ ಭಾಗ್ಯಮ್ಮ ಅಂದು ಮಾತ್ರ ನೀರು ಎಷ್ಟು ಖರ್ಚಾದರೂ ತುಟಿ ಬಿಚ್ಚುತ್ತಿರಲಿಲ್ಲ.

ಅಂಥವಳು ಈ ಸಲದ ಹೋಳಿ ಹುಣ್ಣಿಮೆಯಂದು, ಚಂದ್ರ ಮೂಡುವ ಮೊದಲೇ ಹಿಡಿದಿದ್ದ ಗ್ರಹಣದ ಹೊತ್ತಿನಲ್ಲೇ, ವಿಮಾನ ಹತ್ತಿದಳು.

ಮಗಳು ದೀಪಶ್ರೀ ಇರುವುದು ನಾಗಪುರದಲ್ಲಿ. ಅಳಿಯನಿಗೆ ಅಲ್ಲಿ ರೈಲ್ವೆ ಕೆಲಸ. ಚೊಚ್ಚಲ ಹೆರಿಗೆ ತವರಲ್ಲೇ ಆಗಲೆಂದು ಭಾಗ್ಯಮ್ಮ ಮಹಡಿಯ ರೂಮಿಗೆ ಬಣ್ಣ ಹೊಡೆಸಿ ಕಾದಿದ್ದಳು. ಬಿಪಿ ಏರುತ್ತಿದೆ, ಪ್ರಯಾಣ ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟರು. ಹಾಗಾದರೆ ನಾನೇ ಬರುತ್ತೇನೆಂದು ತಿಂಗಳ ಕೊನೆಗೆ ರೈಲಿನ ಟಿಕೆಟ್ ಮಾಡಿಸಿದ್ದಳು. ಮಗು ಅಲ್ಲಿಯವರೆಗೆ ಕಾಯಲಿಲ್ಲ. ಗ್ರಹಣದ ದಿನ ಬೆಳಗ್ಗೆಯೇ ಅಳಿಯನ ಫೋನು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ, ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡುತ್ತಿದ್ದೇನೆ, ಜೊತೆಗೆ ಯಾರು ಬರುತ್ತಾರೆ?

“ಹೊಳೆವ್ವ,” ಎಂದಳು ಭಾಗ್ಯಮ್ಮ, ಯೋಚನೆ ಮಾಡದೆ.

ಹೊಳೆವ್ವ ಬಾದಾಮಿ ಕಡೆಯವಳು. ಮೂವತ್ತು ವರ್ಷದ ಹಿಂದೆ ಗಂಡನೊಡನೆ ಕಟ್ಟಡದ ಕೆಲಸಕ್ಕೆ ಬಂದು ಭಾಗ್ಯಮ್ಮನ ಶೀಟಿನ ಮನೆಯಲ್ಲಿ ಬಾಡಿಗೆಗೆ ಸೇರಿದವಳು. ಆಮೇಲೆ ಗಾರ್ಮೆಂಟ್ಸಿಗೆ ಹೋಗಿ, ಈಗ ಲಗ್ಗೆರೆಯಲ್ಲಿ ಮಗನ ಜೊತೆಗಿದ್ದಾಳೆ. ಬಾಣಂತಿಗೆ ಎಣ್ಣೆ ಹಚ್ಚಿ, ಕೂಸಿಗೆ ನೀರೆರೆಯುವುದೆಂದರೆ ಅವಳಿಗೆ ಎಲ್ಲಿಲ್ಲದ ಹುರುಪು.

ಅವಳು ಆಟೋದಿಂದ ಇಳಿದು ಬಂದಾಗ ಭಾಗ್ಯಮ್ಮ ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು ನಡುಮನೆಯಲ್ಲೇ ಕೂತಿದ್ದಳು.

“ಗ್ರಹಣ ಐತಲ್ಲ ಹೊಳೆವ್ವ. ಇಂತಾ ದಿನ ಎಂಗೆ ಒಸ್ಲು ದಾಟೋದು?”

“ಕೂಸು ಪಂಚಾಂಗ ಕೇಳಿ ಬಂದೈತೇನ್ರಿ ಅಕ್ಕಾರ? ತನಗ ಬೇಕಾದಾಗ ಬಂತು. ನಾವೂ ಹಂಗ ಹೋಗೂಣ, ಏಳ್ರಿ.”

ಭಾಗ್ಯಮ್ಮ ದೇವರ ಮನೆಗೆ ಹೋಗಿ ಕೈಮುಗಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟಳು.

ವಿಮಾನ ಇಬ್ಬರಿಗೂ ಹೊಸದು. ಭಾಗ್ಯಮ್ಮನಿಗೆ ಕಿಟಕಿಯ ಪಕ್ಕದ ಸೀಟು. ಮೇಲೇರುವಾಗ ಕಣ್ಣು ಮುಚ್ಚಿಕೊಂಡಿದ್ದವಳು, ಸ್ವಲ್ಪ ಸಮಾಧಾನವಾದ ಮೇಲೆ ಕೆಳಗೆ ಬಗ್ಗಿ ನೋಡಿದಳು. ಶೀಟಿನ ಸೂರುಗಳು, ನೀರಿನ ಟ್ಯಾಂಕುಗಳು, ಎಲ್ಲೋ ಒಂದು ಕೆರೆ.

“ನಮ್ ಬಾಗಲಗುಂಟೆ ಯಾವ ಕಡೆ ಬರ್ತದೆ?”

“ಎಲ್ಲಾ ಒಂದ ನಮೂನಿ ಕಾಣಾಕತ್ತೈತ್ರಿ.”

ಭಾಗ್ಯಮ್ಮ ಇನ್ನಷ್ಟು ಹೊತ್ತು ಹುಡುಕಿದಳು. ಆಮೇಲೆ ಗ್ರಹಣದ ನೆನಪಾಗಿ, ಕಿಟಕಿಯ ಮುಚ್ಚಳವನ್ನು ಕೆಳಗೆಳೆದು ಕೂತಳು.

ಮಾಕಳಿಯಿಂದ ಅವಳು ಸೊಸೆಯಾಗಿ ಬಂದಾಗ ಬಾಗಲಗುಂಟೆಯಲ್ಲಿ ರಾಗಿ ಹೊಲಗಳಿದ್ದವು, ನಡುನಡುವೆ ಅವರೆ ಸಾಲು. ಗಂಡ ಶ್ಯಾಮಣ್ಣ ಸೈಕಲ್ಲಿನಲ್ಲಿ ಪೀಣ್ಯದ ಫ್ಯಾಕ್ಟರಿಗೆ ಹೋಗುತ್ತಿದ್ದ, ಸಂಜೆ ಬಂದು ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಮದುವೆಯಾದ ವರ್ಷವೇ ಒಂದು ಚಂದ್ರಗ್ರಹಣ ಬಂತು. ಅತ್ತೆ ಸಿದ್ದಮ್ಮ ಬಾಗಿಲು ಹಾಕಿಸಿ, ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಹುಯ್ದು ನಡುವೆ ಒನಕೆ ನಿಲ್ಲಿಸಿದಳು. ಒನಕೆ ನಿಂತಿರುವಷ್ಟು ಹೊತ್ತು ಗ್ರಹಣ, ಬಿದ್ದರೆ ಬಿಟ್ಟಂತೆ. ಹೆಂಗಸರೆಲ್ಲ ದೀಪದ ಬೆಳಕಿನಲ್ಲಿ ಅದನ್ನೇ ನೋಡುತ್ತ ಕೂತರು. ಮಾಳಿಗೆಯ ಮೇಲೆ ಶ್ಯಾಮಣ್ಣ ಓಡಾಡುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ದನಿ ಬಾಗಿಲಾಚೆಯಿಂದ ಬಂತು.

“ಭಾಗ್ಯ, ಬಾರೆ ಈಚೆಗೆ. ಒಂದ್ಗಳಿಗೆ ನೋಡ್ಕೊಂಡೋಗು.”

“ನೀನ್ ಬೇಕಾದ್ರೆ ಕಣ್ಣು ಕೆಡಿಸ್ಕೊ. ನನ್ ಸೊಸೇನ ಕರೀಬ್ಯಾಡ,” ಎಂದಳು ಸಿದ್ದಮ್ಮ.

ಭಾಗ್ಯಮ್ಮ ಏಳಲಿಲ್ಲ. ಅಂದಿನಿಂದ ಪ್ರತಿ ಗ್ರಹಣಕ್ಕೂ ಶ್ಯಾಮಣ್ಣ ಒಮ್ಮೆ ಕರೆಯುವುದು, ಅವಳು ಒಳಗೇ ಉಳಿಯುವುದು ನಡೆಯಿತು. ಕೊನೆಕೊನೆಗೆ ಅವನು ಕರೆಯುವುದನ್ನು ಬಿಟ್ಟ. ಆದರೆ ನೋಡಿ ಬಂದು, ಮಿಂದು, ಅವಳ ಮುಂದೆ ಕೂತಾಗ ಹೇಗಿತ್ತೆಂದು ಹೇಳದೆ ಇರುತ್ತಿರಲಿಲ್ಲ. ಒಮ್ಮೆ ಕುಂಬಳಕಾಯಿ ಹೋಳಿನಂತಿತ್ತು ಎನ್ನುವನು, ಇನ್ನೊಮ್ಮೆ ಹಳೇ ಬೆಲ್ಲದ ಅಚ್ಚಿನಂತೆ. ಒಂದು ಸಲ, ನೀನು ಮಾತಾಡುತ್ತ ಮಾತಾಡುತ್ತ ಸೀಯಿಸಿದ ರೊಟ್ಟಿ ಇತ್ತಲ್ಲ, ಅದೇ, ಎಂದಿದ್ದ. ಅವನು ತೀರಿಕೊಂಡು ಐದು ವರ್ಷವಾಯಿತು. ಹೋದ ಭಾದ್ರಪದದ ಗ್ರಹಣ ಕಳೆದ ಬೆಳಗ್ಗೆ ಭಾಗ್ಯಮ್ಮ ಮಿಂದು ಕಾಫಿಗೆ ಕೂತಾಗ, ಹೇಗಿತ್ತೆಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

“ಏನ್ ವಿಚಾರ ಮಾಡಾಕತ್ತೀರಿ?” ಹೊಳೆವ್ವ ಕೇಳಿದಳು.

“ನೀನು ಬಸುರೀಲಿದ್ದಾಗ ಗ್ರಹಣ ಆಗಿತ್ತಲ್ಲ, ಗೆಪ್ತಿ ಐತಾ?”

“ಮರೀತೀನೇನ್ರಿ? ನಿನ್ ಶೀಟಿನ ಮನೇಲಿ ಸಂದಿ ಜಾಸ್ತಿ, ಬೆಳಕು ಬೀಳ್ತದೆ ಅಂತ ಕೈ ಹಿಡಿದು ಎಳಕೊಂಡು ಬಂದ್ರಿ. ನನಗರ ನಿಮ್ಮ ಮಾತು ಅರ್ಧ ತಿಳೀವಲ್ದು. ಬಾಡಿಗಿ ತಡಾ ಆಗಿದ್ದಕ್ಕ ಕೂಡಿ ಹಾಕಾಕ ಕರ್ಕೊಂಡು ಹೊಂಟಾರಂತ ಅಂಜಿದ್ದೆ.”

ಭಾಗ್ಯಮ್ಮ ನಕ್ಕಳು. ಆವತ್ತು ಒಂದೇ ಚಾಪೆಯ ಮೇಲೆ ಇಬ್ಬರೂ ಮಲಗಿದ್ದರು. ಹೊಳೆವ್ವ ತನ್ನೂರಿನ ಹೋಳಿಯ ಕಥೆ ತೆಗೆದು, ಹುಡುಗರು ಹಲಗೆ ಬಡಿಯುತ್ತ ಕಾಮನ ಸುಡಲು ಊರ ಕಟ್ಟಿಗೆಯನ್ನೆಲ್ಲ ಕದಿಯುವುದನ್ನೂ, ತನ್ನ ಅಜ್ಜ ಮುರಿದ ಬಾಗಿಲನ್ನು ತಲೆದಿಂಬು ಮಾಡಿಕೊಂಡು ಕಾಯುತ್ತಿದ್ದುದನ್ನೂ ಹೇಳಿದ್ದಳು. ಮಾತು ಅರ್ಧ ತಿಳಿಯದಿದ್ದರೂ ಇಬ್ಬರೂ ನಕ್ಕು ಸಿದ್ದಮ್ಮನಿಂದ ಬೈಸಿಕೊಂಡಿದ್ದರು.

ಅಷ್ಟರಲ್ಲಿ ವಿಮಾನದ ಹುಡುಗಿ ಬಂದು ಕಿಟಕಿಯ ಕಡೆ ಕೈ ತೋರಿಸಿ ಹಿಂದಿಯಲ್ಲಿ ಏನೋ ಹೇಳಿದಳು. ಗಾರ್ಮೆಂಟ್ಸಿನಲ್ಲಿ ಬಿಹಾರದ ಹುಡುಗಿಯರ ಜೊತೆ ದುಡಿದ ಹೊಳೆವ್ವನಿಗೆ ಅಷ್ಟು ಹಿಂದಿ ಬರುತ್ತಿತ್ತು.

“ಇಳಿಯೂ ಹೊತ್ತಾತಂತ್ರಿ. ಮುಚ್ಚಳ ಮ್ಯಾಲೆ ಮಾಡಬೇಕಂತ.”

“ಆಗಾಕಿಲ್ಲ ಅನ್ನು. ಗ್ರಹಣ ಅನ್ನು.”

ಹೊಳೆವ್ವ ಹೇಳಿದಳು. ಹುಡುಗಿ ನಗುತ್ತಲೇ ತಲೆಯಾಡಿಸಿದಳು. ಅದು ನಿಯಮ, ಎಲ್ಲರೂ ತೆರೆಯಲೇಬೇಕು. ಅವಳು ಸರಿಯದೆ ನಿಂತಿದ್ದರಿಂದ ಭಾಗ್ಯಮ್ಮ ಮುಖವನ್ನು ಈ ಕಡೆ ತಿರುಗಿಸಿಕೊಂಡು, ಕೈಯನ್ನಷ್ಟೇ ಹಿಂದೆ ಚಾಚಿ ಮುಚ್ಚಳ ಎತ್ತಿದಳು. ಎದುರು ಬದಿಯ ಕಿಟಕಿಗಳಲ್ಲಿ ಸೂರ್ಯ ಮುಳುಗಿದ ಕೆಂಪು ಇನ್ನೂ ಉಳಿದಿತ್ತು.

ಹೊಳೆವ್ವ ಅವಳ ಭುಜದ ಮೇಲಿಂದ ಬಗ್ಗಿದಳು. ಆಮೇಲೆ ಮೆಲ್ಲಗೆ, “ಅಕ್ಕಾರ, ಒಮ್ಮಿ ನೋಡ್ರಿ,” ಎಂದಳು.

ಭಾಗ್ಯಮ್ಮ ತಿರುಗಿದಳು.

ಚಂದ್ರ ತಲೆಯ ಮೇಲೆಲ್ಲೋ ಇರಲಿಲ್ಲ. ಪಕ್ಕದ ಮನೆಯವರು ಕಿಟಕಿಯಲ್ಲಿ ಬಂದು ನಿಂತಂತೆ ಅವಳ ಸಮಕ್ಕೇ ಇತ್ತು. ಕೆಳಗಿನ ಭಾಗ ಬೆಳ್ಳಗೆ ಬೆಳಗಿತ್ತು. ಮೇಲಿನ ಭಾಗಕ್ಕೆ ಹೊಗೆ ಹಿಡಿದಂಥ ಕಂದು ಬಣ್ಣ. ಅದರ ಕೆಳಗೆ ನಸುನೀಲಿಯ ಮಬ್ಬು, ಇನ್ನೂ ಕೆಳಗೆ ಆಗಷ್ಟೇ ಹತ್ತತೊಡಗಿದ್ದ ಊರಿನ ದೀಪಗಳು.

“ಇಷ್ಟೇನಾ?” ಎಂದಳು ಭಾಗ್ಯಮ್ಮ.

ಆದರೆ ಕಣ್ಣು ತೆಗೆಯಲಿಲ್ಲ. ಕತ್ತು ನೋಯುವವರೆಗೂ ಹಾಗೇ ನೋಡಿದಳು. ಕಂದು ಬಣ್ಣ ಗೊತ್ತೇ ಆಗದಷ್ಟು ನಿಧಾನವಾಗಿ ಸರಿಯುತ್ತಿತ್ತು.

“ಕುಂಬಳಕಾಯಂಗೂ ಇಲ್ಲ, ಬೆಲ್ಲದಂಗೂ ಇಲ್ಲ. ಅವ್ರು ನಂಗೆ ಬರೀ ಅಡ್ಗೆಮನೆ ಸಾಮಾನೇ ಏಳ್ತಿದ್ರು ಕಣೆ.”

“ನಿಮಗ ತಿಳೀಲಿ ಅಂತ ಹೇಳಿರತಾರ್ರಿ.”

ಭಾಗ್ಯಮ್ಮ ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಂಡಳು. “ಕರೆದಾಗ ಓಗ್ಬೇಕಿತ್ತು.”

“ಆವಾಗ ಅತ್ತಿ ಇದ್ದರಲ್ರಿ.”

“ಅತ್ತೆ ಓದ ಮೇಲೂ ನಾನು ಓಗ್ಲಿಲ್ವಲ್ಲ.”

ಹೊಳೆವ್ವ ಹತ್ತಿರ ಸರಿದಳು. ಅವಳ ಕೈ ಹಿಡಿದುಕೊಂಡು ಕೂತಳು. ವಿಮಾನ ಒಂದು ಪಕ್ಕಕ್ಕೆ ವಾಲಿತು. ಚಂದ್ರ ರೆಕ್ಕೆಯ ಮರೆಗೆ ಹೋಯಿತು.

ಅಳಿಯ ಕಾಯುತ್ತಿದ್ದ. ನೇರ ಆಸ್ಪತ್ರೆಗೆ ಎಂದರೆ ಭಾಗ್ಯಮ್ಮ ಒಪ್ಪಲಿಲ್ಲ. ಮೊದಲು ಮನೆಗೆ ಹೋಗಿ ಇಬ್ಬರೂ ತಲೆಗೆ ಹುಯ್ದುಕೊಂಡ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಹೊಳೆವ್ವ ಬಾಗಿಲಿನಿಂದಲೇ ಕೈಚಾಚಿ ಕೂಸನ್ನೆತ್ತಿಕೊಂಡಳು. ಭಾಗ್ಯಮ್ಮ ಮಗಳ ಹಾಸಿಗೆಯ ಅಂಚಿನಲ್ಲಿ ಕೂತು ತಲೆ ನೇವರಿಸಿ, ವಿಮಾನದಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

ದೀಪಶ್ರೀ ಕೇಳಿಸಿಕೊಂಡು, “ಅಮ್ಮ, ಒಂದ್ ವಿಷ್ಯ ಹೇಳ್ತೀನಿ, ಬೈಬೇಡ,” ಎಂದಳು. “ನಾನು ಎರಡನೇ ಕ್ಲಾಸಲ್ಲಿದ್ದಾಗ ಅಪ್ಪ ನನ್ನ ಎಬ್ಬಿಸ್ಕೊಂಡು ಹೋಗಿ ಗ್ರಹಣ ತೋರ್ಸಿದ್ರು. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು.”

ಭಾಗ್ಯಮ್ಮ ಮಗಳನ್ನೇ ನೋಡಿದಳು. “ಸ್ನಾನ ಮಾಡಿಸಿದ್ರಾ?”

“ಇಲ್ಲ. ಕಾಲು ತೊಳಿಸಿ ಮಲಗಿಸ್ಬಿಟ್ರು.”

ಭಾಗ್ಯಮ್ಮನಿಗೆ ನಗು ತಡೆಯಲಾಗಲಿಲ್ಲ. ನರ್ಸು ಬಂದು ಇಣುಕಿ ನೋಡುವಷ್ಟು ನಕ್ಕಳು. ಆಮೇಲೆ ಮಗಳ ಕಡೆ ಸರಿದು ಕೂತು ಕೇಳಿದಳು. “ನಿಂಗೆ ಏನಂತ ಏಳಿದ್ರು, ಎಂಗೈತೆ ಅಂತ?”

“ಅದೆಲ್ಲ ನೆನಪಿಲ್ಲಮ್ಮ. ತುಂಬಾ ಚಳಿ ಇತ್ತು. ಅಪ್ಪ ಅವರ ಸ್ವೆಟರ್ ಬಿಚ್ಚಿ ನಂಗೆ ಹಾಕಿದ್ರು, ಅದು ಕಾಲ್‌ಗಂಟ ಬರ್ತಿತ್ತು. ಅಷ್ಟೇ ಗೊತ್ತಿರೋದು.”