ಅಮ್ಮನ ಅಂಗೈ, ನನ್ನ ಗುಂಗುರು ಕೂದಲು

ಮೊನ್ನೆ ಕುಂದಾಪುರದ ಪಾರ್ಲರಿನಲ್ಲಿ ನನ್ನ ಗುಂಗುರು ಕೂದಲನ್ನು ಸ್ಟ್ರೇಟ್ ಮಾಡಿದ ಹುಡುಗಿ, ಕೊನೆಗೆ ಎರಡು ಹನಿ ಸೀರಮ್ ಅಂಗೈಗೆ ಹಾಕಿ ಉಜ್ಜಿ, ನೆತ್ತಿಯ ಮೇಲೆ ಹಾರಾಡುತ್ತಿದ್ದ ಎಳೆಗಳನ್ನು ಮೆಲ್ಲಗೆ ಒತ್ತಿದಳು. ಅಮ್ಮನೂ ಹೀಗೇ ಒತ್ತುತ್ತಿದ್ದಳು.

ಅವಳದ್ದು ದಾಸವಾಳದ ಸೊಪ್ಪು ಕಿವುಚಿದ ಗೊಂಪು. ಬಸ್ರೂರಿನ ಮನೆಮನೆಗೆ ಮೀನು ಮಾರಿ ಬಂದವಳು ಹುಣಸೆಹಣ್ಣಿನಲ್ಲಿ ಕೈ ತಿಕ್ಕಿ ತೊಳೆದು, ಆ ಲೋಳೆ ಹಚ್ಚಿ ಬಾಚಿದರೆ ಒಂದು ಎಳೆಯೂ ಏಳುತ್ತಿರಲಿಲ್ಲ.

ಆರನೇ ಕ್ಲಾಸಿನ ಸ್ಕೂಲ್ ಡೇ. ಡ್ಯಾನ್ಸಿಗೆ ಎಲ್ಲರ ಕೂದಲೂ ನೇರವಾಗಿ ಇಳಿದಿರಬೇಕು ಎಂದಿದ್ದರು ಟೀಚರ್. ಜೊತೆಗೆ ಕುಣಿಯುವ ಹುಡುಗಿಯರು ನನ್ನನ್ನು ಕರೆಯಲು ಬಂದು ಜಗಲಿಯಲ್ಲಿ ಕೂತಿದ್ದರು. ಅಮ್ಮ ಗೊಂಪಿನ ಕೈ ಚಾಚಿದಳು. ನಾನು ತಲೆ ಎಳೆದುಕೊಂಡೆ.

“ಮುಟ್ಬೇಡ. ನಿನ್ ಕೈ ಮೀನ್ ವಾಸ್ನಿ.”

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಅವರ ಜೊತೆ ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಪಕ್ಕದ ಮನೆಯತ್ತ ತಿರುಗಿ ಕೂಗಿದಳು. “ಹ್ವಾಯ್ ಗಿರಿಜಕ್ಕ, ಈ ಹೆಣ್ಣಿನ್ ತಲಿ ಒಂಚೂರ್ ಬಾಚಿ ಕೊಡಿ.”

ಗಿರಿಜಕ್ಕ ಬಾಚುವಷ್ಟು ಹೊತ್ತೂ ಅಮ್ಮ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಬಾಗಿಲ ಬಳಿಯೇ ನಿಂತು ಹೇಳುತ್ತಿದ್ದಳು: “ಕಿವಿ ಹಿಂದ್ ಒತ್ತಿ ಅಕ್ಕ, ಅದ್ರ್ ಕೂದ್ಲ್ ಅಲ್ಲೇ ಏಳತ್ತ್.”

ಅವಳು ಮೀನಿನ ಬುಟ್ಟಿ ಕೆಳಗಿಟ್ಟು ಎಷ್ಟೋ ವರ್ಷವಾಯಿತು. ಮೊನ್ನೆ ಪಾರ್ಲರಿನಿಂದ ಮನೆಗೆ ಹೋದಾಗ, “ಲಾಯ್ಕ್ ಆಯ್ತ್ ಮಗಾ” ಎನ್ನುತ್ತ ನನ್ನ ತಲೆಯತ್ತ ಕೈ ಚಾಚಿದಳು. ಮುಟ್ಟುವ ಮುನ್ನ ಒಮ್ಮೆ ಅಂಗೈ ಮೂಸಿ ನೋಡಿಕೊಂಡಳು.